ಹಿಂದಿನ ಸೀಟಿನ ಮೌನ

ನನ್ನ ಬಾಯಿಯ ಬಗ್ಗೆ ನಾನೇ ಮೊದಲು ಹೇಳಿಬಿಡುತ್ತೇನೆ, ಬೇರೆಯವರು ಹೇಳಿ ನೀವು ಕೇಳುವುದು ಬೇಡ. ಇಪ್ಪತ್ತಾರು ವರ್ಷಗಳಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಕಲಿಯಲು ಬರುವವರು ಎದುರಿಗೆ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಹಾರ್ನಮ್ಮ ಎನ್ನುತ್ತಾರೆ. ಈ ಕಾರಿನ ಹಾರ್ನ್ ಕೆಟ್ಟರೂ ರಿಪೇರಿ ಬೇಕಿಲ್ಲ, ಮೇಡಂ ಪಕ್ಕದಲ್ಲಿದ್ದರೆ ಸಾಕು ಎಂಬ ಜೋಕು ನನ್ನ ಕಿವಿಗೂ ಬಿದ್ದಿದೆ. ನಾನು ಬೇಸರ ಮಾಡಿಕೊಂಡವಳಲ್ಲ. ಸಾವಿರಾರು ಜನ ನನ್ನ ಬೈಗುಳ ತಿಂದೇ ಲೈಸೆನ್ಸ್ ತೆಗೆದುಕೊಂಡಿದ್ದಾರೆ, ಅವರಲ್ಲಿ ಇಬ್ಬರು ಈಗ ಬಸ್ಸು ಓಡಿಸುತ್ತಾರೆ.

ಆದರೆ ದೀಪದ ಕೆಳಗೆ ಕತ್ತಲೆ ಎನ್ನುತ್ತಾರಲ್ಲ, ಅದು ನನ್ನ ಮನೆಯಲ್ಲೇ ಇತ್ತು. ನನ್ನ ಸೊಸೆ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದಳು.

ಅವಳು ರಕ್ತನಿಧಿಯಲ್ಲಿ ಕೆಲಸಕ್ಕಿದ್ದಳು. ನೆಲಮಾಳಿಗೆಯ ತಣ್ಣಗಿನ ಕೋಣೆಯಲ್ಲಿ ಕೂತು ರಕ್ತದ ಚೀಲಗಳಿಗೆ ಚೀಟಿ ಅಂಟಿಸುವ ಕೆಲಸ, ಆರು ವರ್ಷಗಳಿಂದ ಅದೇ. ಆಸ್ಪತ್ರೆಗಳಿಗೆ ರಕ್ತ ಒಯ್ಯುವ ವ್ಯಾನಿನ ಚಾಲಕ ನಿವೃತ್ತನಾಗುವವನಿದ್ದ. ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದರೆ ಕೆಲಸ ನಿನ್ನದು, ಇಲ್ಲದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿನ ಮೇಲಧಿಕಾರಿ ಹೇಳಿದ್ದರು. "ಆರು ವರ್ಷದಿಂದ ಚೀಟಿ ಅಂಟಿಸ್ತಿದ್ದೀನಿ ಅತ್ತೆ, ಆ ಚೀಲ ಎಲ್ಲಿಗೆ ಹೋಗತ್ತೆ, ಯಾರು ಕಾಯ್ತಿರ್ತಾರೆ, ಒಂದು ಸಲನೂ ನೋಡಿಲ್ಲ" ಎಂದು ಅವಳು ಒಮ್ಮೆ ಪಾತ್ರೆ ಒರೆಸುತ್ತಾ ಹೇಳಿದಳು. ಹೆಚ್ಚು ಮಾತಿನವಳಲ್ಲ ಅವಳು. ಆ ಒಂದು ಮಾತಿನಲ್ಲೇ ಆಸೆ ಎಷ್ಟಿದೆ ಎಂದು ನನಗೆ ಗೊತ್ತಾಯಿತು.

ಎರಡು ಸಲ ಏಕೆ ಫೇಲಾದಳು ಎಂದರೆ, ನಾನು ಇನ್ಸ್‌ಪೆಕ್ಟರನ್ನು ಬೈಯುತ್ತಿದ್ದೆ. ಟೆಸ್ಟಿನಲ್ಲಿ ಇನ್ಸ್‌ಪೆಕ್ಟರ್ ಮುಂದೆ ಕೂರುತ್ತಾರೆ, ಕಾರು ಸ್ಕೂಲಿನದ್ದಾದ್ದರಿಂದ ಕಲಿಸಿದವರು ಹಿಂದಿನ ಸೀಟಿನಲ್ಲಿ ಇರಲೇಬೇಕು, ಬಾಯಿ ಬಿಡುವಂತಿಲ್ಲ. ನಾನು ಬಾಯಿ ಬಿಟ್ಟಿಲ್ಲ, ಕೆಮ್ಮಿದೆ ಅಷ್ಟೆ. ಒಂದು ಕೆಮ್ಮಿಗೆ ಗೇರ್ ಬದಲಿಸು, ಎರಡಕ್ಕೆ ಬ್ರೇಕು. ಇನ್ಸ್‌ಪೆಕ್ಟರಿಗೆ ಐದೇ ನಿಮಿಷದಲ್ಲಿ ಗೊತ್ತಾಗಿ, ಇನ್ನೊಂದು ಸಲ ಕೆಮ್ಮಿದರೆ ಇಬ್ಬರನ್ನೂ ಇಳಿಸುತ್ತೇನೆ ಎಂದರು. ಕೆಮ್ಮು ನಿಂತಿತು. ಹತ್ತು ಮೀಟರ್ ಹೋಗುವುದರೊಳಗೆ ಕಾರೂ ನಿಂತಿತು. ಎರಡನೆಯ ಸಲ ದಿಬ್ಬದ ಮೇಲೆ ಹಿಂದಕ್ಕೆ ಜಾರಿತು.

ಇದೇ ಸಮಯಕ್ಕೆ ನನ್ನ ವ್ರತದ ವಿಷಯವೂ ಬಂತು. ನನಗೆ ಮಂತ್ರ ಕೊಟ್ಟವರು ಕಾಂಪೌಂಡರ್ ಅಜ್ಜಿ. ನಲವತ್ತು ವರ್ಷ ಔಷಧಿ ಅಂಗಡಿಯಲ್ಲಿ ಪುಡಿ, ದ್ರಾವಣ ಬೆರೆಸಿಕೊಟ್ಟವರು, ಈಗ ಎಂಬತ್ತೊಂದು ವಯಸ್ಸು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಇರುತ್ತಾರೆ. ಎಂಟು ವರ್ಷದ ಹಿಂದೆ ನನ್ನವರು ತೀರಿಕೊಂಡಾಗ ನಾನು ಅವರ ಬಳಿ ಹೋಗಿದ್ದೆ. ಜಪವನ್ನೂ ಅವರು ಔಷಧಿಯ ಲೆಕ್ಕದಲ್ಲೇ ಹೇಳುತ್ತಾರೆ. "ಬೆಳಿಗ್ಗೆ ಹದಿನಾರು ಮಾಲೆ, ಸಂಜೆ ಹದಿನಾರು ಮಾಲೆ, ಖಾಲಿ ಹೊಟ್ಟೇಲಿ. ಗಟ್ಟಿಯಾಗಿ ಹೇಳಿದ್ರೆ ಒಂದು ಪಾಲು ಕೆಲಸ ಮಾಡತ್ತೆ, ತುಟಿ ಮಾತ್ರ ಅಲ್ಲಾಡಿದ್ರೆ ಹತ್ತು ಪಾಲು, ಮನಸ್ಸಲ್ಲೇ ಆದ್ರೆ ನೂರು ಪಾಲು." ಮಂತ್ರ ಗುಟ್ಟಿನದ್ದೇನಲ್ಲ, ಎಲ್ಲರಿಗೂ ಗೊತ್ತಿರುವ ಓಂ ನಮಃ ಶಿವಾಯ. "ಮಂತ್ರಕ್ಕೇನೂ ಕೊರತೆ ಇಲ್ಲ, ಹೇಳೋ ಬಾಯಿಗೆ ಕೊರತೆ" ಎಂದು ಅಜ್ಜಿ ನನ್ನನ್ನೇ ನೋಡುತ್ತಾ ಹೇಳುವುದು ವಾಡಿಕೆ.

ಆ ಸಲ ಹೋದಾಗ ಹನ್ನೊಂದು ದಿನದ ಅನುಷ್ಠಾನ ಮಾಡು ಎಂದರು. ಜಪ, ಒಪ್ಪೊತ್ತಿನ ಊಟ, ಮೌನ. ಸಾಧಾರಣ ಮೌನ ಸಾಕು, ಬೇಕಾದರೆ ಸನ್ನೆ ಮಾಡಬಹುದು, ಚೀಟಿ ಬರೆಯಬಹುದು ಎಂದೂ ಹೇಳಿದರು.

"ಅದಕ್ಕಿಂತ ದೊಡ್ಡದು ಯಾವುದಿದೆ?" ಎಂದು ಕೇಳಿದೆ.

"ಕಾಷ್ಠ ಮೌನ ಅಂತ ಇದೆ. ಕಟ್ಟಿಗೆ ಥರ ಇರಬೇಕು. ಸನ್ನೆ ಇಲ್ಲ, ಬರೆಯೋ ಹಾಗಿಲ್ಲ, ಹುಬ್ಬು ಕೂಡ ಏರಿಸೋ ಹಾಗಿಲ್ಲ. ಅದು ನಿನ್ನ ಕೈಲಿ ಆಗಲ್ಲ ಬಿಡು."

ನನ್ನ ಕೈಲಿ ಆಗುವುದಿಲ್ಲ ಎಂದು ಯಾರೂ ನನಗೆ ಹೇಳಬಾರದು. ಅಲ್ಲೇ ಅಂಗೈಯಲ್ಲಿ ನೀರು ಹಾಕಿಸಿಕೊಂಡು, ಬರುವ ಸೋಮವಾರದಿಂದ ಹನ್ನೊಂದು ದಿನ ಕಾಷ್ಠ ಮೌನ ಎಂದು ಸಂಕಲ್ಪ ಮಾಡಿ, ನೀರು ಬಿಟ್ಟು, ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಫ್ರಿಜ್ಜಿನ ಬಾಗಿಲಿಗೆ ಸೊಸೆಯ ಮೂರನೆಯ ಟೆಸ್ಟಿನ ಚೀಟಿ ಅಂಟಿಸಿತ್ತು. ಲೆಕ್ಕ ಹಾಕಿದೆ. ವ್ರತದ ಒಂಬತ್ತನೆಯ ದಿನ.

ಸಂಕಲ್ಪದ ನೀರು ಬಿಟ್ಟ ಮೇಲೆ ದಿನ ಬದಲಿಸುವಂತಿಲ್ಲ. ಟೆಸ್ಟಿನ ದಿನವೂ ಬದಲಾಗದು, ಅದರ ನಂತರದ ತಾರೀಕು ಮುಂದಿನ ತಿಂಗಳಿಗೇ ಹೋಗುತ್ತಿತ್ತು. ಇಪ್ಪತ್ತಾರು ವರ್ಷ ಕಲಿಸಿದವಳು, ಅಗತ್ಯ ಬಿದ್ದಾಗಲೇ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನನ್ನ ಮಗ ಊಟ ಮಾಡುತ್ತಾ ಕೇಳಿಸಿಕೊಂಡು, "ಹನ್ನೊಂದು ದಿನ ಇರಲಿ, ಹತ್ತು ನಿಮಿಷ ಸುಮ್ಮನಿರಮ್ಮ ನೋಡೋಣ" ಎಂದ. ಸೊಸೆ ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು. ನನಗೆ ನಾಚಿಕೆಯಾಯಿತು, ಆದರೆ ಹೆದರಿಕೆಯಾಗಲಿಲ್ಲ. ಆಗುತ್ತದೆ, ನಾನು ಮಾಡಿಸುತ್ತೇನೆ ಎಂದೆ. ಬೇರೆ ವಿದ್ಯಾರ್ಥಿಗಳನ್ನೆಲ್ಲ ಸ್ಕೂಲಿನ ಇನ್ನೊಬ್ಬ ಮೇಷ್ಟ್ರಿಗೆ ಒಪ್ಪಿಸಿ, ಇವಳೊಬ್ಬಳನ್ನು ಇಟ್ಟುಕೊಂಡೆ.

ಉಪವಾಸ ನನಗೆ ಕಷ್ಟವಾಗಲಿಲ್ಲ. ಹಸಿವು ಮೊದಲೆರಡು ದಿನ ಕೂಗಾಡಿ, ಯಾರೂ ಕೇಳುತ್ತಿಲ್ಲ ಎಂದು ಗೊತ್ತಾದ ಮೇಲೆ ಸುಮ್ಮನಾಗುತ್ತದೆ. ನಾಲಿಗೆ ಅಂಥದ್ದಲ್ಲ. ಸೋಮವಾರ ಬೆಳಿಗ್ಗೆ ಸೊಸೆಯ ಪಕ್ಕ ಕೂತು, ಮನಸ್ಸಿನಲ್ಲಿ ಜಪ ಮಾಡುತ್ತಾ ಹೊರಟೆ. ಮೊದಲ ವೃತ್ತದಲ್ಲೇ ಕಾರು ನಿಂತಿತು. ದಾರಿ ಖಾಲಿಯಿತ್ತು, ಇವಳು ಹೋಗಲಿಲ್ಲ. ಹಿಂದಿನಿಂದ ಒಂದು ಹಾರ್ನ್, ಮೂರು ಹಾರ್ನ್, ಆಮೇಲೆ ಲೆಕ್ಕವಿಲ್ಲ. ಇವಳು ಪಿಳಿಪಿಳಿ ಕಣ್ಣು ಬಿಡುತ್ತಾ ನನ್ನನ್ನೇ ನೋಡುತ್ತಿದ್ದಳು. ಆಗ ಹೊಳೆಯಿತು. ಪ್ರತಿ ವೃತ್ತದಲ್ಲೂ "ಹೂಂ, ಹೋಗು" ಎನ್ನುವುದು ನನ್ನ ಅಭ್ಯಾಸ. ಆ ಹೂಂ ಸಿಗುವ ತನಕ ಅವಳ ಕಾಲು ಅಲ್ಲಾಡುತ್ತಿರಲಿಲ್ಲ. ದಾರಿಯನ್ನು ಅವಳು ಒಂದು ದಿನವೂ ನೋಡಿರಲಿಲ್ಲ, ನೋಡುವ ಕೆಲಸ ನನ್ನದಾಗಿತ್ತು.

ಎರಡನೆಯ ದಿನ ಅವಳು ನನ್ನ ಕಾಲನ್ನು ನೋಡತೊಡಗಿದಳು. ಕಲಿಸುವವರ ಕಡೆಯೂ ಒಂದು ಬ್ರೇಕ್ ಇರುತ್ತದೆ. ನನ್ನ ಪಾದ ಅದರ ಮೇಲೆ ಸರಿದರೆ ಸಾಕು, ಅವಳು ಬ್ರೇಕ್ ಒತ್ತುತ್ತಿದ್ದಳು. ಕಟ್ಟಿಗೆಯ ಕಾಲೂ ಮಾತಾಡಬಾರದಲ್ಲ. ಮೂರನೆಯ ದಿನ ಮುಚ್ಚಿಹೋದ ಗಿರಣಿಯ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ, ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ನಾನೇನು ಹುಚ್ಚಿಯಲ್ಲ, ಬೇಕಾದರೆ ಕಾಲು ಇಳಿಸಲು ಒಂದು ಕ್ಷಣ ಸಾಕಿತ್ತು. ಸೊಸೆ ನನ್ನ ಕಾಲು ಮಡಚಿದ್ದನ್ನು ನೋಡಿದಳು. ಆಮೇಲೆ ಮುಂದೆ ನೋಡಿದಳು.

ಆ ದಿನ ಬಯಲಿನಲ್ಲಿ, ಮಾರನೆಯ ದಿನ ಗಲ್ಲಿಗಳಲ್ಲಿ, ಐದನೆಯ ದಿನ ದೊಡ್ಡ ರಸ್ತೆಯಲ್ಲಿ ಅವಳು ಓಡಿಸಿದಳು. ಚೆನ್ನಾಗಿಯೇ ಓಡಿಸಿದಳು ಎನ್ನಲಾರೆ, ಎರಡು ಸಲ ಇಂಜಿನ್ ಆಫ್ ಆಯಿತು, ಒಂದು ಕಸದ ಡಬ್ಬಿ ಉರುಳಿತು. ಇಳಿದು ಹೋಗಿ ಡಬ್ಬಿ ಎತ್ತಿಟ್ಟು ಬಂದು ಮತ್ತೆ ಹೊರಟಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾಲಿಗೆಯ ತುದಿಗೆ ಬಂದ ಬೈಗುಳಗಳನ್ನು ಒಂದೊಂದಾಗಿ ನುಂಗಿದೆ.

ಆರನೆಯ ದಿನ ಎಡವಟ್ಟಾಯಿತು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವಳು ಹಿಮ್ಮುಖವಾಗಿ ಕಾರು ನಿಲ್ಲಿಸುತ್ತಿದ್ದಳು, ಪಕ್ಕದ ವ್ಯಾನಿನ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಂಡಿತು. ನನ್ನ ಕಾಲು ಕೆಳಗಿಳಿಯುವ ಮೊದಲೇ ಬಾಯಿ ಕೆಲಸ ಮಾಡಿತು. ಮನಸ್ಸಿನಲ್ಲಿ ಏನು ಸುತ್ತುತ್ತಿತ್ತೋ ಅದೇ ಗಂಟಲಿನಿಂದ ಸಿಡಿಯಿತು. ಓಂ ನಮಃ ಶಿವಾಯ. ಎಂಥಾ ಶಿವಾಯ ಎಂದರೆ, ಬೀದಿಯ ಆ ತುದಿಯಲ್ಲಿದ್ದವರೂ ತಿರುಗಿ ನೋಡಿದರು. ಸೊಸೆ ಗಕ್ಕನೆ ಬ್ರೇಕ್ ಒತ್ತಿದಳು. ಬಾಗಿಲಿಗೆ ನಾಲ್ಕು ಬೆರಳು ಜಾಗ ಉಳಿದಿತ್ತು.

ವ್ರತ ಮುರಿಯಿತಲ್ಲ ಎಂದುಕೊಂಡೆ. ಆಮೇಲೆ ಯೋಚಿಸಿದೆ. ಮುರಿಯಿತೇ? ನಾನು ಆಡಿದ್ದು ಮಾತೇ ಅಲ್ಲ, ಮಂತ್ರ. ಅನುಷ್ಠಾನ ಮಾಡುತ್ತಿರುವವಳು ಜಪವನ್ನು ಗಟ್ಟಿಯಾಗಿ ಹೇಳಬಾರದೆಂದು ಯಾರು ಹೇಳಿದರು? ಅದು ಒಂದು ಪಾಲು ಕೆಲಸ ಮಾಡುತ್ತದೆ ಎಂದು ಅಜ್ಜಿಯೇ ಹೇಳಿದ್ದಾರೆ. ಅವರು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುವವಳು. ನನಗೆ ಖುಷಿಯೋ ಖುಷಿ.

ಅಲ್ಲಿಂದ ಎರಡು ದಿನ ನಮ್ಮ ಕಾರಿನಲ್ಲಿ ನಡೆದ ಜಪವನ್ನು ಶಿವ ಕೇಳಿಸಿಕೊಂಡಿದ್ದರೆ ಕಿವಿ ಮುಚ್ಚಿಕೊಂಡಿರುತ್ತಿದ್ದ. "ನಮಃ" ಎಂದು ಮೊಟಕಾಗಿ ಹೇಳಿದರೆ ಕ್ಲಚ್. "ಶಿವಾಆಆಯ" ಎಂದು ಎಳೆದರೆ ನಿಧಾನ. ಮೂಗಿನಲ್ಲಿ "ಓಂ" ಎಂದರೆ ಹೂಂ, ಹೋಗು. ಇಡೀ ಮಂತ್ರವನ್ನು ಒಂದೇ ಉಸಿರಿನಲ್ಲಿ ಹೇಳಿದರೆ, ಕಣ್ಣು ನೆತ್ತಿಯ ಮೇಲಿದೆಯೇನೆ ನಿನಗೆ ಎಂದು ಅರ್ಥ. ನಾನು ಯಾವುದನ್ನೂ ವಿವರಿಸಬೇಕಾಗಲಿಲ್ಲ, ಸೊಸೆಗೆ ಎಲ್ಲವೂ ಅರ್ಥವಾಯಿತು. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನುಣ್ಣಗೆ ಹೋಗತೊಡಗಿತು. ಅವಳು ಮತ್ತೆ ಮುಂದೆ ನೋಡುವುದನ್ನು ಬಿಟ್ಟು ನನ್ನ ಬಾಯಿ ಕಾಯತೊಡಗಿದ್ದನ್ನು ನಾನು ಗಮನಿಸಲಿಲ್ಲ. ಸುಳ್ಳೇಕೆ, ಗಮನಿಸಿದ್ದೆ. ಸಂಜೆಯ ಹದಿನಾರು ಮಾಲೆಗೆ ಕೂತರೆ ಒಂದೊಂದು ಮಣಿಗೂ ಒಂದೊಂದು ಗೇರ್ ಬರುತ್ತಿದ್ದುದನ್ನೂ ಗಮನಿಸಿದ್ದೆ. ಟೆಸ್ಟಿನಲ್ಲಿ ಹಿಂದಿನ ಸೀಟಿನಲ್ಲಿ ಜಪ ಮಾಡುವ ಮುದುಕಿಯನ್ನು ಯಾವ ಇನ್ಸ್‌ಪೆಕ್ಟರ್ ತಾನೇ ತಡೆದಾನು ಎಂಬ ಲೆಕ್ಕಾಚಾರದ ಮುಂದೆ ಅದೆಲ್ಲ ಸಣ್ಣದಾಗಿ ಕಂಡಿತು.

ಎಂಟನೆಯ ದಿನ ಮಧ್ಯಾಹ್ನ ಕಾಂಪೌಂಡರ್ ಅಜ್ಜಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಿತ್ತು. ಸೊಸೆ ಓಡಿಸಿದಳು, ನಾನು ಅವಳ ಪಕ್ಕ, ಅಜ್ಜಿ ಹಿಂದಿನ ಸೀಟಿನಲ್ಲಿ. ನನ್ನ ಜಾಣತನವನ್ನು ಗುರುಗಳಿಗೂ ತೋರಿಸುವ ಉಮೇದಿನಲ್ಲಿದ್ದೆ. ಹೋಗುವಾಗ ಅಜ್ಜಿ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಬರುವಾಗ ದಾರಿಗೆ ಒಬ್ಬ ಸೈಕಲಿನವನು ಅಡ್ಡ ಬಂದ, ನಾನು ಕಿಟಕಿ ಇಳಿಸಿ ಅವನ ಮುಖಕ್ಕೇ ಐದಕ್ಷರವನ್ನೂ ಬೀಸಿದೆ. ಅವನು ಬೆದರಿ ಪಕ್ಕಕ್ಕೆ ಸರಿದ.

ಸೈಕಲ್ ಅಂಗಡಿಯ ಮುಂದೆ ಕಾರು ನಿಂತಿತು. ಅಜ್ಜಿ ಇಳಿಯಲಿಲ್ಲ.

"ಮೌನ ಮುರಿದುಹೋಗಿದೆ. ಇನ್ನು ನೀನು ಮಾತಾಡಬಹುದು" ಎಂದರು.

ಎಂಟು ದಿನಗಳ ಮೇಲೆ ನನ್ನ ಮೊದಲ ಮಾತು ಜಗಳದ್ದಾಯಿತು. "ಒಂದು ಮಾತೂ ಆಡಿಲ್ಲ ನಾನು. ಇವಳನ್ನೇ ಕೇಳಿ. ಮಂತ್ರ ಬಿಟ್ಟು ಬೇರೇನೂ ಬಂದಿಲ್ಲ ಬಾಯಲ್ಲಿ."

"ಮಾತೇ ಬಂದಿರೋದು. ಮಂತ್ರ ಬಂದಿಲ್ಲ. ಆ ಸೈಕಲ್ಲಿನವನಿಗೆ ನೀನು ಏನು ಹೇಳಿದೆ ಅಂತ ನನಗೂ ಗೊತ್ತಾಯ್ತು, ಅವನಿಗೂ ಗೊತ್ತಾಯ್ತು." ಅಜ್ಜಿಗೆ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಸೀಸೆಗೆ ಔಷಧಿ ಅಂತ ಚೀಟಿ ಅಂಟಿಸಿಬಿಟ್ರೆ ಒಳಗಿರೋದು ಔಷಧಿ ಆಗಲ್ಲ ಕಣೆ. ಈ ಎಂಟು ದಿನ ಲೆಕ್ಕಕ್ಕಿಲ್ಲ. ಬೇಕು ಅಂದ್ರೆ ನಾಳೆ ಸೂರ್ಯ ಹುಟ್ಟೋವಾಗ ಮತ್ತೆ ಒಂದರಿಂದ ಶುರು ಮಾಡು. ಬೇಡ ಅಂದ್ರೆ ಬಿಡು, ನಾನೇನೂ ಅಂದುಕೊಳ್ಳಲ್ಲ."

ಮೆಟ್ಟಿಲು ಹತ್ತಿ ಹೋದರು. ನನಗೆ ಅವಮಾನವಾಗಿತ್ತು. ಅಷ್ಟೇ ಹೇಳಿ ನಿಲ್ಲಿಸಿದರೆ ಒಳ್ಳೆಯದಿತ್ತು, ಆದರೆ ಇನ್ನೊಂದೂ ಆಗಿತ್ತು. ನಾಳೆ ಬೆಳಿಗ್ಗೆ ಟೆಸ್ಟು, ಇವತ್ತು ಸಂಜೆಯಿಡೀ ಬಾಯಿಗೆ ಬಿಡುಗಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಬ್ಬವಾಯಿತು.

ಮನೆಗೆ ಬಂದವಳೇ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ದಿಬ್ಬ ಮಾಡಿ, ಚಮಚಗಳನ್ನು ರಸ್ತೆ ಮಾಡಿ, ಎದುರಿಗೆ ಸೊಸೆಯನ್ನು ಕೂರಿಸಿ ಶುರು ಮಾಡಿದೆ. ಅರ್ಧ ಕ್ಲಚ್ ಎಲ್ಲಿ, ಕನ್ನಡಿ ಯಾವಾಗ, ಇನ್ಸ್‌ಪೆಕ್ಟರ್ ಪೆನ್ನು ತೆಗೆದರೆ ಏನು ಅರ್ಥ. ಎಂಟು ದಿನಗಳದ್ದು ಒಳಗೆ ಕೂಡಿಕೊಂಡಿತ್ತು, ಕಟ್ಟೆ ಒಡೆಯಿತು. ಅವಳು ತಲೆ ಬಗ್ಗಿಸಿ ಒಂದು ಚಮಚವನ್ನು ಹಿಡಿದುಕೊಂಡು ಕೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಚಮಚದಿಂದ ಉಪ್ಪಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

"ಅತ್ತೆ, ಒಂದು ಮಾತು ಹೇಳ್ಲಾ?"

"ಹೇಳು."

"ಬೇಜಾರು ಮಾಡ್ಕೋಬಾರದು."

"ಮೊದಲು ಹೇಳು, ಆಮೇಲೆ ನೋಡೋಣ."

"ಮೂರನೇ ದಿನದಿಂದ ಐದನೇ ದಿನದ ತನಕ ಕಾರು ಓಡಿಸಿದ್ದು ನಾನು. ಆಮೇಲೆ ಎರಡು ದಿನ ಓಡಿಸಿದ್ದು ನೀವು. ನಾನು ಬರೀ ಸ್ಟೀರಿಂಗ್ ಹಿಡ್ಕೊಂಡಿದ್ದೆ." ಚಮಚ ಕೆಳಗಿಟ್ಟಳು. "ಕಸದ ಡಬ್ಬಿ ಉರುಳಿಸಿದ ದಿನ ನನಗೆ ಎಷ್ಟು ಖುಷಿ ಆಯ್ತು ಗೊತ್ತಾ ಅತ್ತೆ? ಅದು ನಾನೇ ಮಾಡಿದ ತಪ್ಪು, ನಾನೇ ಸರಿ ಮಾಡ್ಕೊಂಡೆ. ನಾಳೆ ನನಗೆ ಆ ಮೂರು ದಿನ ಬೇಕು. ನೀವು ಹೇಳಿಕೊಟ್ಟಿದ್ದೆಲ್ಲ ನನ್ನ ಹತ್ರ ಇದೆ, ಇನ್ನು ಹೇಳಬೇಡಿ."

ನನಗೆ ಸಿಟ್ಟು ಬಂತು. ಇಪ್ಪತ್ತಾರು ವರ್ಷದ ಅನುಭವವನ್ನು ಮೇಜಿನ ಮೇಲೆ ಹರಡಿಟ್ಟರೆ ಇವಳು ಸಾಕು ಎನ್ನುತ್ತಾಳೆ ಎಂದು ಉರಿಯಿತು. ಚಮಚಗಳನ್ನು ಬಾಚಿ ಡಬ್ಬಕ್ಕೆ ಹಾಕಿ ಎದ್ದುಹೋದೆ. ಸಂಜೆಯ ಜಪಕ್ಕೆ ಕೂತಾಗಲೂ ಉರಿಯುತ್ತಿತ್ತು. ಹತ್ತನೆಯ ಮಾಲೆಯ ಹೊತ್ತಿಗೆ ಒಂದು ವಿಷಯ ನೇರವಾಗಿ ಕಂಡಿತು. ಅವಳು ಎರಡು ಸಲ ಫೇಲಾಗಿದ್ದು ಇನ್ಸ್‌ಪೆಕ್ಟರಿಂದಲ್ಲ, ನನ್ನಿಂದ. ನಾಳೆಯೂ ಫೇಲಾದರೆ ಮತ್ತೆ ನೆಲಮಾಳಿಗೆ, ಅದೂ ನನ್ನಿಂದಲೇ. ಉಳಿದ ಆರು ಮಾಲೆಯಲ್ಲಿ ಒಂದು ಗೇರೂ ಬರಲಿಲ್ಲ.

ಬೆಳಿಗ್ಗೆ ಸೂರ್ಯ ಹುಟ್ಟುವಾಗ ಅಂಗೈಯಲ್ಲಿ ನೀರು ಹಿಡಿದು ಮತ್ತೆ ಸಂಕಲ್ಪ ಮಾಡಿದೆ. ಒಂದನೆಯ ದಿನ.

ಟೆಸ್ಟಿನ ಮೈದಾನದಲ್ಲಿ ಅದೇ ಇನ್ಸ್‌ಪೆಕ್ಟರ್. ನನ್ನನ್ನು ಹಿಂದಿನ ಸೀಟಿನಲ್ಲಿ ಕಂಡು, "ಏನಮ್ಮ, ಕೆಮ್ಮು ವಾಸಿ ಆಯ್ತಾ?" ಎಂದರು. ನಾನು ಕಟ್ಟಿಗೆ.

"ಅವರಿಗೆ ಮೌನ ಸಾರ್" ಎಂದಳು ಸೊಸೆ.

"ಇವರಿಗಾ?" ಎಂದರು. ನಂಬಿಕೆ ಬರದೆ ಹೊರಡುವ ಮೊದಲು ಇನ್ನೆರಡು ಸಲ ಹಿಂತಿರುಗಿ ನೋಡಿದರು.

ಎಂಟರ ಆಕಾರದ ದಾರಿ ಸರಿಯಾಗಿ ಹೋಯಿತು. ಹಿಮ್ಮುಖವಾಗಿ ನಿಲ್ಲಿಸುವುದೂ ಆಯಿತು, ಸ್ವಲ್ಪ ಓರೆಯಾಗಿತ್ತು, ಆದರೂ ಗೆರೆಯೊಳಗಿತ್ತು. ಕೊನೆಗೆ ದಿಬ್ಬ. ಅರ್ಧಕ್ಕೆ ಹತ್ತಿ ಪೂರ್ತಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಹೊರಡಬೇಕು. ನಿಲ್ಲಿಸಿದಳು. ಇನ್ಸ್‌ಪೆಕ್ಟರ್ ಹೊರಡಿ ಎಂದರು. ಹ್ಯಾಂಡ್‌ಬ್ರೇಕ್ ಬಿಡುತ್ತಿದ್ದ ಹಾಗೆ ಕಾರು ಒಂದು ಗೇಣು ಹಿಂದಕ್ಕೆ ಬಂತು. ಅವಳು ಮತ್ತೆ ಹ್ಯಾಂಡ್‌ಬ್ರೇಕ್ ಎಳೆದಳು. ಒಂದು ಗೇಣಿಗೆ ಮಾಫಿ ಇದೆ, ಎರಡನೆಯ ಸಲ ಜಾರಿದರೆ ಮುಗಿಯಿತು.

ಆಗ ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಬೇಡ ಎಂದು ಅವಳೇ ಹೇಳಿದ್ದಳು, ಆದರೂ ಕಣ್ಣು ನನ್ನ ಬಳಿಗೆ ಬಂತು, ಅವಳಾದರೂ ಏನು ಮಾಡಿಯಾಳು. ನನಗೆ ಎಲ್ಲವೂ ಗೊತ್ತಿತ್ತು. ಕ್ಲಚ್ಚನ್ನು ಒಂದು ಬೆರಳಿನಷ್ಟು ಬೇಗ ಬಿಡುತ್ತಿದ್ದಳು, ಅಷ್ಟೆ. ನಾನು ರೆಪ್ಪೆಯನ್ನು ನಿಧಾನವಾಗಿ ಇಳಿಸಿದ್ದರೂ ಅವಳಿಗೆ ಅರ್ಥವಾಗುತ್ತಿತ್ತು, ಇನ್ಸ್‌ಪೆಕ್ಟರಿಗೆ ಕಾಣುತ್ತಲೂ ಇರಲಿಲ್ಲ. ಗಂಟಲಿನಲ್ಲಿ ಮಾತು, ಹುಬ್ಬಿನಲ್ಲಿ ಮಾತು, ಬೆರಳಿನಲ್ಲಿ ಮಾತು. ಇಡೀ ಮೈ ನಾಲಿಗೆಯಾಗಿತ್ತು.

ಕನ್ನಡಿಯಲ್ಲಿ ಅವಳಿಗೆ ಏನೂ ಸಿಗದಿರಲಿ ಎಂದು ನಾನು ಕಣ್ಣು ಮುಚ್ಚಿ, ಮುಖವನ್ನು ಮಡಿಲಿಗೆ ಬಗ್ಗಿಸಿದೆ.

ಮನಸ್ಸಿನಲ್ಲಿ ಮಂತ್ರ ಬಂತು. ಅದರಲ್ಲಿ ಕ್ಲಚ್ ಇರಲಿಲ್ಲ, ಬ್ರೇಕ್ ಇರಲಿಲ್ಲ, ಸೊಸೆ ಪಾಸಾಗಲಿ ಎಂಬ ಬೇಡಿಕೆಯೂ ಇರಲಿಲ್ಲ. ಎಂಟು ವರ್ಷಗಳಲ್ಲಿ ಮೊದಲ ಸಲ ಅದು ಬರೀ ಮಂತ್ರವಾಗಿತ್ತು. ಎಷ್ಟು ಸಲ ಬಂತು ಎಂದು ಎಣಿಸಲಿಲ್ಲ. ಇಂಜಿನ್ನಿನ ಸದ್ದು ಸಣ್ಣದಾಯಿತು, ದಪ್ಪಗಾಯಿತು, ಕಾರು ಅಲ್ಲೇ ಒಮ್ಮೆ ನಡುಗಿತು. ಆಮೇಲೆ ನನ್ನ ಬೆನ್ನು ಸೀಟಿಗೆ ಒತ್ತಿಕೊಂಡಿತು. ನಾವು ದಿಬ್ಬ ಹತ್ತುತ್ತಿದ್ದೆವು.

ಇನ್ಸ್‌ಪೆಕ್ಟರ್ ಸಹಿ ಹಾಕಿ ಕಾಗದ ಕೊಟ್ಟು ಹೋದರು. ಸೊಸೆ ಹಿಂದಿನ ಬಾಗಿಲು ತೆರೆದು, ಕಾಗದವನ್ನು ಎದೆಗೊತ್ತಿಕೊಂಡು ನಿಂತಳು. ಅವಳ ಕಣ್ಣು ತುಂಬಿತ್ತು. "ಹೆಂಗಿತ್ತು ಅತ್ತೆ?" ಎಂದಳು. ಕೇಳಿದ ಮೇಲೆ ನೆನಪಾಗಿ ತಾನೇ ನಕ್ಕು, ಕೆನ್ನೆ ಒರೆಸಿಕೊಂಡು ಸ್ಟೀರಿಂಗ್ ಹಿಂದೆ ಹೋಗಿ ಕೂತಳು. ಮನೆಯ ತನಕ ಅವಳೇ ಮಾತಾಡಿದಳು. ಅವಳಿಗೆ ಅಷ್ಟು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಇನ್ನು ಹತ್ತು ದಿನ ಅವಳಿಗೆ ಏನೂ ಹೇಳುವಂತಿಲ್ಲದೆ ಕೂತೆ. ಬೈಗುಳ ನುಂಗುವುದು ಕಷ್ಟ ಎಂದುಕೊಂಡಿದ್ದೆ. ಹೊಗಳಿಕೆ ನುಂಗುವುದು ಅದಕ್ಕಿಂತ ಕಷ್ಟ, ಹಿಂದೆ ಅಭ್ಯಾಸವೇ ಇರಲಿಲ್ಲ. ಮೊದಲಿಗೆ ಒಂದು ದೊಡ್ಡ ಭಾಷಣವನ್ನೇ ಸಿದ್ಧ ಮಾಡಿಕೊಂಡೆ. ದಿನ ಕಳೆದಂತೆ ಅದರಲ್ಲಿ ಒಂದೊಂದೇ ಮಾತು ಉದುರಿಹೋಯಿತು. ದಿಬ್ಬದ ಮೇಲೆ ಹೀಗೆ ಮಾಡಿದ್ದರೆ ಇನ್ನೂ ಚೆನ್ನಾಗಿತ್ತು ಎಂಬುದು ಎಲ್ಲಕ್ಕಿಂತ ಕೊನೆಗೆ ಉದುರಿತು. ಏಳನೆಯ ದಿನ ಅವಳು ವ್ಯಾನಿನ ಕೆಲಸಕ್ಕೆ ಸೇರಿದಳು. ಕತ್ತಲಿರುವಾಗಲೇ ಎದ್ದು ಹೋಗುವಳು, ಬಂದು ಯಾವ ಆಸ್ಪತ್ರೆಯ ಬಾಗಿಲಲ್ಲಿ ಯಾರು ಓಡಿಬಂದು ಪೆಟ್ಟಿಗೆ ಇಸಿದುಕೊಂಡರು ಎಂದು ನನ್ನ ಎದುರು ಕೂತು ಹೇಳುವಳು. ನಾನು ಕೇಳುತ್ತಿದ್ದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಸೂರ್ಯ ಹುಟ್ಟಿದ. ನೀರು ಕುಡಿದು ವ್ರತ ಬಿಟ್ಟೆ. ಹೇಳಬೇಕಾದ್ದು ಒಂದೇ ಮಾತಾಗಿ ಉಳಿದಿತ್ತು, ಕೇಳಬೇಕಾದವಳು ಮನೆಯಲ್ಲಿರಲಿಲ್ಲ. ಮಗ ಇನ್ನೂ ಮಲಗಿದ್ದ. ಅಡುಗೆಮನೆಯಲ್ಲಿ ನಿಂತು ಸೊಸೆಗೆ ಫೋನ್ ಮಾಡಿದೆ. ರಿಂಗಾಯಿತು, ರಿಂಗಾಗಿ ರಿಂಗಾಗಿ ನಿಂತಿತು. ಎತ್ತಲಿಲ್ಲ. ವ್ಯಾನು ಓಡಿಸುತ್ತಿರುವವಳು ಫೋನ್ ಎತ್ತಬಾರದು.

"ಭೇಷ್" ಎಂದು ಫೋನಿಗೇ ಹೇಳಿ, ಅದನ್ನು ಮೇಜಿನ ಮೇಲಿಟ್ಟು ತಿಂಡಿಗೆ ಒಲೆ ಹಚ್ಚಿದೆ.